ಅಳಿವೆಯ ಊರಿನ ಏಳನೆಯ ಮತ

"ಗುರುಗಳೇ, ಎರಡೂ ಕಡೆಯ ಮಾತು ಸರಿ ಎನಿಸಿದಾಗ ಮನುಷ್ಯ ಏನು ಮಾಡಬೇಕು?"

ಕೇಳಿದವನು ನಿರಂಜನ. ಆಶ್ರಮದಲ್ಲಿ ಆರು ವರ್ಷ ಓದಿ ಹೋದವನು. ಈಗ ರಾಜಧಾನಿಯಲ್ಲಿ ಕೆಲಸದಲ್ಲಿದ್ದ. ಕಲ್ಲಿದ್ದಲು ಸುಡುವವರ ಮೇಲೆ ತೆರಿಗೆ ಹಾಕಿ, ಆ ಹಣದಿಂದ ಗಾಳಿ ಬಿಸಿಲುಗಳ ವಿದ್ಯುತ್ತಿಗೆ ದಾರಿ ಮಾಡಬೇಕೆಂದು ಒಂದು ಮಸೂದೆ ಬಂದಿತ್ತು. ಅದನ್ನು ಪರಿಶೀಲಿಸುವ ಸಮಿತಿಯಲ್ಲಿ ಅವನೂ ಒಬ್ಬ.

"ತೆರಿಗೆ ಹಾಕದಿದ್ದರೆ ಮಳೆ ಬೆಳೆ ಎಲ್ಲ ಕೆಡುತ್ತದೆ ಎನ್ನುತ್ತಾರೆ. ಹಾಕಿದರೆ ಬಡವರ ಒಲೆ ಆರುತ್ತದೆ ಎನ್ನುತ್ತಾರೆ. ಎರಡಕ್ಕೂ ಆಧಾರವಿದೆ. ಸಮಿತಿಯಲ್ಲಿ ಅರ್ಧ ಜನ ಆ ಕಡೆ, ಅರ್ಧ ಜನ ಈ ಕಡೆ. ಎಲ್ಲರೂ ನನ್ನ ಮುಖ ನೋಡುತ್ತಿದ್ದಾರೆ. ಇನ್ನೊಂದು ವರ್ಷ ಕಾಲಾವಕಾಶ ಕೇಳೋಣವೆಂದಿದ್ದೇನೆ. ಅವಸರದ ತೀರ್ಮಾನಕ್ಕಿಂತ ಅದೇ ಮೇಲಲ್ಲವೇ? ಆದರೂ ಅನ್ನ ಸೇರುತ್ತಿಲ್ಲ."

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಕತೆ ಶುರು ಮಾಡಿದರು.

ನದಿಯೊಂದು ಕಡಲು ಸೇರುವ ಅಳಿವೆಯ ಬದಿಯಲ್ಲಿ ಒಂದು ಊರಿತ್ತು. ದಡದ ಉದ್ದಕ್ಕೂ ಕಾಂಡ್ಲಾ ಕಾಡು. ಉಪ್ಪುನೀರಿನಲ್ಲೇ ಬೇರಿಳಿಸಿ ಬೆಳೆಯುವ ಗಿಡ ಅದು. ಊರಿನಲ್ಲಿ ಹಂಚು ಸುಡುವ ಭಟ್ಟಿಗಳಿದ್ದವು. ಅವುಗಳ ಒಡೆಯ ಸಾಂತಯ್ಯ. ಭಟ್ಟಿಗೆ ಸೌದೆ ಬೇಕು. ಕೈಗೆ ಸಿಗುವ ಸೌದೆ ಕಾಂಡ್ಲಾ. ಇಪ್ಪತ್ತು ವರ್ಷ ಕಡಿದರು. ಕಾಡು ಅರ್ಧವಾಯಿತು. ಕಡಲು ದಡವನ್ನು ಕೊರೆಯತೊಡಗಿತು. ದಡದ ಮೇಲಿನ ಎರಡು ಬಾವಿಗಳ ನೀರು ಉಪ್ಪಾಯಿತು.

ಊರಿನ ವ್ಯವಹಾರ ನೋಡಲು ಏಳು ಜನರ ಸಭೆಯಿತ್ತು. ಅದರಲ್ಲಿ ಮೀನುಗಾರರ ಹಿರಿಯನೊಬ್ಬನಿದ್ದ. ಅವನು ಒಂದು ಮಾತು ಮುಂದಿಟ್ಟ. ದೋಣಿಯಲ್ಲಿ ಬರುವ ಕಾಂಡ್ಲಾ ಸೌದೆಗೆ ಸುಂಕ ಹಾಕಬೇಕು. ಆ ಸುಂಕದಿಂದ ಕಡಿದಲ್ಲಿ ಮತ್ತೆ ಗಿಡ ನೆಡಬೇಕು. ಭಟ್ಟಿಗಳನ್ನು ಭತ್ತದ ಹೊಟ್ಟು ಉರಿಸುವಂತೆ ಬದಲಿಸಬೇಕು.

ಸಾಂತಯ್ಯನೂ ಸಭೆಯಲ್ಲಿದ್ದ. ಅವನು ಎದ್ದು ನಿಂತ.

"ನನ್ನ ಭಟ್ಟಿಯನ್ನು ನಂಬಿ ಇನ್ನೂರು ಮನೆ ಉಣ್ಣುತ್ತವೆ. ಪಕ್ಕದ ಅಳಿವೆಯ ಭಟ್ಟಿಗೆ ಸುಂಕವಿಲ್ಲ. ಅವರ ಹಂಚು ಅಗ್ಗವಾದರೆ ನನ್ನ ಹಂಚನ್ನು ಯಾರು ಕೊಳ್ಳುತ್ತಾರೆ?"

"ಆ ಇನ್ನೂರು ಮನೆ ನಾಳೆ ಎಲ್ಲಿ ನಿಲ್ಲುತ್ತವೆ? ನೀರಿನ ಮೇಲೆಯೇ?" ಎಂದ ಹಿರಿಯ.

ಇಬ್ಬರೂ ಸುಳ್ಳು ಹೇಳಿರಲಿಲ್ಲ. ಮೂವರು ಸುಂಕ ಬೇಕೆಂದರು. ಮೂವರು ಬೇಡವೆಂದರು.

ಉಳಿದವನು ಏಳನೆಯವನು. ಓದಿಕೊಂಡವನು. ಯಾವ ಪಕ್ಷಕ್ಕೂ ಸೇರದವನು. ಯಾರ ಮಾತನ್ನೂ ಪೂರ್ತಿ ಕೇಳದೆ ತೀರ್ಪು ಹೇಳುವವನಲ್ಲವೆಂದು ಊರಿಗೆ ಊರೇ ಅವನನ್ನು ಗೌರವಿಸುತ್ತಿತ್ತು. ಆ ಗೌರವ ಅವನಿಗೂ ಹಿತವಾಗಿತ್ತು. ಅವನು ಹೇಳಿದ: "ಹೊಟ್ಟಿನ ಭಟ್ಟಿಯಲ್ಲಿ ಹಂಚು ಬೇಯುತ್ತದೆಯೋ ಇಲ್ಲವೋ ತಿಳಿಯದೆ ನಾನು ಮತ ಕೊಡಲಾರೆ."

ಸಭೆ ಮುಂದಕ್ಕೆ ಹೋಯಿತು. ಹೊಟ್ಟು ಉರಿಸುವ ಊರಿಗೆ ಇಬ್ಬರನ್ನು ಕಳಿಸಿದರು. ಅವರು ಎರಡು ತಿಂಗಳಿಗೆ ಬಂದರು. ಹಂಚು ಬೇಯುತ್ತದೆ, ಆದರೆ ಹತ್ತರಲ್ಲಿ ಒಂದು ಬಿರುಕು ಬಿಡುತ್ತದೆ ಎಂದರು. ಬೇಯುತ್ತದೆ ಎಂಬುದನ್ನು ಒಂದು ಕಡೆಯವರು ಹಿಡಿದರು. ಬಿರುಕು ಬಿಡುತ್ತದೆ ಎಂಬುದನ್ನು ಇನ್ನೊಂದು ಕಡೆಯವರು ಹಿಡಿದರು. ಜಗಳ ಸಭೆಯಿಂದ ಬೀದಿಗೆ ಬಂತು. ಸುಂಕ ಬೇಕೆನ್ನುವವರು ಬಡವರ ಹೊಟ್ಟೆಗೆ ಹೊಡೆಯುವವರಾದರು. ಬೇಡವೆನ್ನುವವರು ಸಾಂತಯ್ಯನಿಗೆ ತಮ್ಮನ್ನು ಮಾರಿಕೊಂಡವರಾದರು.

ಎರಡನೆಯ ಸಭೆಯಲ್ಲಿ ಒಬ್ಬ ಮುದುಕ ಹೇಳಿದ. ಕಡಲು ತನ್ನ ಅಜ್ಜನ ಕಾಲದಲ್ಲೂ ಒಳಗೆ ಬಂದಿತ್ತು, ಹಿಂದಕ್ಕೂ ಹೋಗಿತ್ತು. ಆಗ ಕಾಡನ್ನು ಯಾರೂ ಕಡಿದಿರಲಿಲ್ಲ. ಏಳನೆಯವನು ಯೋಚಿಸಿದ. ಹಾಗಾದರೆ ಅಳೆದು ನೋಡಬೇಕು. ದಡದ ಉದ್ದಕ್ಕೂ ಸಾಲಾಗಿ ಇಪ್ಪತ್ತು ಗೂಟ ಹೂಳಿಸಿದ. ಪ್ರತಿದಿನ ಉಬ್ಬರದ ಹೊತ್ತಿಗೆ ನೀರು ಯಾವ ಯಾವ ಗೂಟವನ್ನು ಮುಟ್ಟಿತೆಂದು ನೋಡಿ ಹೇಳಲು ಒಬ್ಬನನ್ನು ನೇಮಿಸಿದ. ಅವನ ಹೆಸರು ಬೊಮ್ಮಯ್ಯ. ಮೊದಲು ಮೀನು ಹಿಡಿಯುತ್ತಿದ್ದ. ಕಾಲು ಕುಂಟಾದ ಮೇಲೆ ದೋಣಿ ಹತ್ತಲಾಗದೆ ಮನೆಯಲ್ಲಿದ್ದ. ಕೆಲಸ ಸಿಕ್ಕಿತೆಂದು ಬಹಳ ನಿಯತ್ತಾಗಿ ಮಾಡಿದ. ಅವನ ಹೆಂಡತಿ ದುಗ್ಗಮ್ಮ. ಸಾಂತಯ್ಯನ ಭಟ್ಟಿಗೆ ಕಾಂಡ್ಲಾ ಕಡಿದು ಹೊರುವವಳು.

ಮಳೆಗಾಲ ಬಂತು. ಮೊದಲ ಗೂಟ ಕೊಚ್ಚಿಹೋಯಿತು. ವಾರದಲ್ಲಿ ಇನ್ನೆರಡು ಹೋದವು. ಕಾಡು ಇದ್ದ ಕಡೆ ಗೂಟಗಳು ನಿಂತಿದ್ದವು. ಕಡಿದ ಕಡೆಯವು ಮಾತ್ರ ಹೋಗಿದ್ದವು. ಏಳನೆಯವನಿಗೆ ಉಣ್ಣಲು ಕುಳಿತರೆ ಕಡಲಿನ ಸದ್ದು ಕೇಳುತ್ತಿತ್ತು. ಮಾತನಾಡುತ್ತಿದ್ದವನು ನಡುವೆಯೇ ಎದ್ದು ದಡದ ಕಡೆ ನೋಡುತ್ತಿದ್ದ. ಆದರೂ ತನಗೆ ತಾನೇ ಹೇಳಿಕೊಂಡ: ಹೆದರಿ ತೀರ್ಪು ಕೊಡುವುದು ನ್ಯಾಯವಲ್ಲ. ಒಂದು ಮಳೆಗಾಲ ಪೂರ್ತಿ ಅಳೆದರೆ ಯಾರೂ ಬೆರಳು ತೋರಿಸಲಾರರು.

ಒಂದು ಸಂಜೆ ದುಗ್ಗಮ್ಮ ಅವನ ಮನೆಗೆ ಬಂದಳು. ಜಗಲಿಯ ಕೆಳಗೆ ನಿಂತಳು.

"ಒಡೆಯರೇ, ಸುಂಕ ಹಾಕಿದರೆ ನನ್ನ ಕೂಲಿ ಹೋಗುತ್ತದೆ. ಹಾಕದಿದ್ದರೆ ನನ್ನ ಮನೆ ಹೋಗುತ್ತದೆ. ಸಭೆಯಲ್ಲಿ ಎರಡೂ ಕಡೆಯವರು ನನ್ನ ಹೆಸರು ಹೇಳಿಯೇ ಜಗಳವಾಡುತ್ತಿದ್ದಾರಂತೆ. ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ."

"ನಾನು ಕೇಳುತ್ತೇನೆ. ನಿನಗೆ ಏನನಿಸುತ್ತದೆ?"

"ಸುಂಕ ಹಾಕಿ. ಗಿಡ ನೆಡುವ ಕೂಲಿಯನ್ನು ನಮಗೇ ಕೊಡಿ. ಬೇರು ಎಲ್ಲಿ ಹಿಡಿಯುತ್ತದೆ, ಎಲ್ಲಿ ಹಿಡಿಯುವುದಿಲ್ಲ ಎಂದು ಕಡಿದವರಿಗೆ ಗೊತ್ತು."

ಏಳನೆಯವನಿಗೆ ಆ ಕ್ಷಣವೇ ಎಲ್ಲ ತಿಳಿಯಾಯಿತು. ಇಷ್ಟು ಸುಲಭದ ಮಾತು ಏಳು ಜನರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

"ಒಳ್ಳೆಯ ಮಾತು ದುಗ್ಗಮ್ಮ. ಮುಂದಿನ ಸಭೆಯಲ್ಲಿ ಇಡುತ್ತೇನೆ. ಅಷ್ಟರೊಳಗೆ ಅಳತೆಯೂ ಪೂರ್ತಿಯಾಗುತ್ತದೆ."

"ಸಭೆ ಯಾವಾಗ?"

"ಹುಣ್ಣಿಮೆ ಕಳೆದ ಮೇಲೆ."

"ನೀರು ಏರುವುದೇ ಹುಣ್ಣಿಮೆಗೆ, ಒಡೆಯರೇ. ನಾಳೆಯೇ ಕರೆಯಬಾರದೇ?"

ಕರೆಯಬಹುದಿತ್ತು. ಆರು ಮನೆಗೆ ಆಳು ಕಳಿಸಿದರೆ ಸಾಕಿತ್ತು. ಆದರೆ ಗೊತ್ತುಮಾಡಿದ ದಿನವನ್ನು ಬದಲಿಸಿದರೆ ಪಕ್ಷ ವಹಿಸಿದ ಎಂದಾರು ಎಂದು ಅವನಿಗೆ ಅಳುಕು. "ಇನ್ನು ಒಂಬತ್ತೇ ದಿನ" ಎಂದ. ದುಗ್ಗಮ್ಮ ತಲೆಯಾಡಿಸಿ ಹೋದಳು.

ಹುಣ್ಣಿಮೆಯ ದಿನ ಬೆಳಗ್ಗೆಯೇ ಗಾಳಿ ಎದ್ದಿತು. ನಡುಹಗಲಿಗೆ ಉಬ್ಬರ. ಕಾಡು ಕಡಿದು ಬೋಳಾದ ಕಡೆಯಿಂದ ಕಡಲು ನೇರವಾಗಿ ಕೇರಿಗೆ ನುಗ್ಗಿತು. ಜನ ಮಕ್ಕಳನ್ನು ಎತ್ತಿಕೊಂಡು ಭಟ್ಟಿಯ ದಿಬ್ಬಕ್ಕೆ ಓಡಿದರು. ಹದಿನೇಳು ಮನೆಗಳು ಬಿದ್ದವು. ಉಳಿದ ಬಾವಿಗಳೂ ಉಪ್ಪಾದವು. ದಿಬ್ಬದ ಮೇಲೆ ಜನರನ್ನು ಎಣಿಸಿದರು. ಒಬ್ಬ ಕಡಿಮೆಯಿದ್ದ. ಬೊಮ್ಮಯ್ಯ.

ಉಬ್ಬರದ ಹೊತ್ತಾಯಿತೆಂದು ಅವನು ಗೂಟ ನೋಡಲು ಹೋಗಿದ್ದ. ಹೆಂಡತಿ ತಡೆದಳಂತೆ. "ಸಭೆಗೆ ಇವತ್ತಿನ ಅಳತೆ ಬೇಕು" ಎಂದನಂತೆ. ಮೂರನೆಯ ದಿನ ಅವನ ಹೆಣ ಸಿಕ್ಕಿತು.

ಹುಣ್ಣಿಮೆ ಕಳೆದ ಮೇಲೆ, ಹೇಳಿದ ದಿನವೇ ಸಭೆ ಸೇರಿತು. ಏಳನೆಯವನು ಸುಂಕಕ್ಕೆ ಮತ ಕೊಟ್ಟ. ಏಳೂ ಜನ ಕೊಟ್ಟರು, ಸಾಂತಯ್ಯನೂ ಸೇರಿ. ಅವನಿಗೆ ಅದರಿಂದ ನಷ್ಟವಿರಲಿಲ್ಲ. ದಿಬ್ಬದ ಬುಡ ಕುಸಿದು ಅವನ ಭಟ್ಟಿಗಳು ಬಿರುಕು ಬಿಟ್ಟಿದ್ದವು. ಪಕ್ಕದ ಅಳಿವೆಯಲ್ಲಿ ಜಾಗ ನೋಡಿ ಬಂದಿದ್ದ. ಆ ಸುಂಕವನ್ನು ಯಾರೂ ಯಾವತ್ತೂ ಕಟ್ಟಲಿಲ್ಲ. ಗಿಡವನ್ನೂ ಯಾರೂ ನೆಡಲಿಲ್ಲ. ಕುಡಿಯುವ ನೀರಿಲ್ಲದ ಊರಿನಲ್ಲಿ ಎಷ್ಟು ದಿನ ಇರುತ್ತಾರೆ? ಜನ ಒಬ್ಬೊಬ್ಬರಾಗಿ ಹೊರಟರು.

ದುಗ್ಗಮ್ಮ ಸಾಂತಯ್ಯನ ದೋಣಿ ಹತ್ತಿದಳು. ಅಲ್ಲೂ ಕಾಂಡ್ಲಾ ಇತ್ತು. ಅವಳಿಗೆ ಬರುತ್ತಿದ್ದ ಕೆಲಸ ಅದೊಂದೇ. ಏಳನೆಯವನು ದಡಕ್ಕೆ ಓಡಿ ಹೋದ. ಕೈಮುಗಿಯಬೇಕೆಂದುಕೊಂಡ. ಕೈ ಏಳಲಿಲ್ಲ.

ದುಗ್ಗಮ್ಮ ಅವನನ್ನು ನೋಡಿದಳು. ಕೋಪವೇನೂ ಇರಲಿಲ್ಲ.

"ಒಡೆಯರೇ, ಅಳತೆ ಪೂರ್ತಿಯಾಯಿತೇ?" ಎಂದು ಕೇಳಿದಳು.

ದೋಣಿ ಹೋಯಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ನಿರಂಜನ ಕೇಳಿದ:

"ಆ ಏಳನೆಯವನು ಆಮೇಲೆ ಏನಾದ, ಗುರುಗಳೇ?"

"ಊರು ಬಿಟ್ಟ. ಈಗಲೂ ಯಾರಾದರೂ ಬಂದು ಏನು ಮಾಡಬೇಕೆಂದು ಕೇಳಿದರೆ, ಅವರನ್ನು ಕೂರಿಸಿಕೊಂಡು ಕತೆ ಹೇಳುತ್ತಾನೆ."