ಉಂಡ ಕೌದಿ

ಬಹಳ ಹಿಂದೆ, ಎಷ್ಟು ಹಿಂದೆ ಅಂತ ನನ್ನನ್ನು ಕೇಳಬೇಡಿ, ಈ ಎರೆಮಣ್ಣಿನ ಸೀಮೆಯ ಒಂದು ಊರಿನಲ್ಲಿ ತಿರಕವ್ವ ಅಂತ ಒಬ್ಬ ಅಜ್ಜಿ ಇದ್ದಳಂತೆ. ನಮ್ಮ ಮನೆತನದವಳೇ. ಹೆಮ್ಮೆಯಿಂದ ಹೇಳಿಕೊಳ್ಳಬೇಕಿತ್ತು. ಆದರೆ ಅವಳ ಕಥೆ ಹೇಳುವಾಗ ನಮ್ಮವರು ಯಾರೂ ತಲೆ ಎತ್ತುವುದಿಲ್ಲ. ಯಾಕೆ ಅಂತ ಕೇಳಿ.

ತಿರಕವ್ವ ಕೌದಿ ಹೊಲಿಯುತ್ತಿದ್ದಳಂತೆ. ಹಳೆ ಸೀರೆ, ಹರಿದ ಧೋತರ, ಕೂಸಿನ ಕುಲಾವಿ, ಯಾವುದನ್ನೂ ಎಸೆಯುತ್ತಿರಲಿಲ್ಲ. ಸೂಜಿಗೆ ವಿಭೂತಿ ಹಚ್ಚಿ, ಒಂದೊಂದು ಹೊಲಿಗೆಗೂ ಶಿವಾ ಅನ್ನುತ್ತಿದ್ದಳಂತೆ. ಅವಳ ಕೌದಿ ಹೊದಿಸಿದರೆ ಕೂಸಿನ ಜ್ವರ ಬೆಳಗಾಗುವುದರೊಳಗೆ ಇಳಿಯುತ್ತಿತ್ತಂತೆ. ಒಮ್ಮೆ ಕಳ್ಳನೊಬ್ಬ ಅವಳ ಕೌದಿ ಕದ್ದು, ಚಳಿಗೆ ಅದನ್ನೇ ಹೊದ್ದು ಮಲಗಿ, ಮನೆಯವರು ಹುಡುಕಿಕೊಂಡು ಬಂದು ಎಬ್ಬಿಸುವ ತನಕ ಎದ್ದಿರಲೇ ಇಲ್ಲವಂತೆ. ಅವನಿಗೂ ರೊಟ್ಟಿ ಕೊಟ್ಟು ಕಳಿಸಿದಳು ಅಂತಾರೆ. ನಂಬುವವರು ನಂಬಿ, ನಾನಂತೂ ನಂಬಿದ್ದೇನೆ.

ಆಗ ಈ ಕಡೆಯ ಹೆಂಗಸರಲ್ಲಿ ಒಂದು ಪದ್ಧತಿ ಇತ್ತು. ಕೌದಿಯ ಕೊನೆಯ ಮೂಲೆ ಮುಚ್ಚುವ ಮುಂಚೆ ಒಂದು ಚೂರು ರೊಟ್ಟಿ ಒಳಗಿಟ್ಟು ಹೊಲಿಯುವರು. ಇಷ್ಟು ಜನ ಉಟ್ಟ ಬಟ್ಟೆ ಸೇರಿದ ಮೇಲೆ ಅದೂ ಮನೆಯ ಒಂದು ಜೀವವೇ, ಉಪವಾಸ ಇಡಬಾರದು ಅಂತ. ದನಕ್ಕೆ ಹೊದಿಸುವ ಚಿಂದಿಗೆ ಮಾತ್ರ ಹಾಗೆ ಉಣಿಸುತ್ತಿರಲಿಲ್ಲ.

ತಿರಕವ್ವನ ಮೊಮ್ಮಗಳು ಸಾತವ್ವನಿಗೆ ಸಿರಿವಂತರ ಮನೆಯ ಸಂಬಂಧ ಕೂಡಿಬಂತು. ಅಜ್ಜಿ ಒಂದು ಕೌದಿ ಹಿಡಿದಳು. ತನ್ನ ಧಾರೆ ಸೀರೆ ಹಾಕಿದಳು. ತೀರಿಹೋದ ಗಂಡನ ಕೆಂಪು ರುಮಾಲು ಹಾಕಿದಳು. ಮೊಲೆಹಾಲು ಬಿಡುವ ಮುಂಚೆಯೇ ಹೋದ ತನ್ನ ಕೂಸಿನ ಕುಲಾವಿ ಹಾಕಿದಳು. ಅವರೆಲ್ಲ ಹುಡುಗಿಯ ಜೊತೆ ಹೋಗಲಿ ಅಂತ. ಕೊನೆಗೆ ರೊಟ್ಟಿ ಇಟ್ಟು ಮೂಲೆ ಮುಚ್ಚಿ, ಹುಡುಗಿಗೆ ಕೊಡುವ ಸಾಮಾನಿನ ಮೇಲೆ ಮಡಿಸಿಟ್ಟಳಂತೆ.

ಮದುವೆಯ ದಿನ ಬೀಗರು ಬಂದರು. ಅವರಲ್ಲೊಬ್ಬ ಆ ಕೌದಿ ನೋಡಿ, ಇದನ್ನೂ ನಮ್ಮ ಮನೆಗೆ ಕಳಿಸತೀರೇನು ಅಂತ ನಕ್ಕನಂತೆ. ಹುಡುಗಿಯ ಅಪ್ಪ ಈರಭದ್ರಪ್ಪ, ತಿರಕವ್ವನ ಮಗ, ನಾಚಿ ಹಿಡಿಯಷ್ಟಾದ. ಹೆತ್ತ ತಾಯಿ ಬಾಗಿಲಲ್ಲೇ ನಿಂತಿದ್ದಳು.

"ಛೇ ಛೇ, ಅದು ಎತ್ತಿನ ಮ್ಯಾಲ ಹಾಕೂದ್ರೀ!" ಅಂದುಬಿಟ್ಟ.

ತಿರಕವ್ವ ಕೌದಿ ಎತ್ತಿಕೊಂಡು ಒಳಗೆ ಹೋದಳಂತೆ. ಅಯ್ಯೋ, ಒಂದು ಮಾತು ಬೈಯಬಾರದಿತ್ತೇ ಅವಳು! ಬೈದಿದ್ದರೆ ಅಲ್ಲಿಗೇ ಮುಗಿದುಹೋಗುತ್ತಿತ್ತು.

ಮರುದಿನ ಮಗಳನ್ನು ಕಳಿಸಲು ಬಂಡಿ ಕಟ್ಟಿದರು. ನೋಡಿದರೆ ಬಲಗಡೆಯ ಎತ್ತಿನ ಮೈಮೇಲೆ ಅದೇ ಕೌದಿ! ಮಗ ನಾಲ್ಕು ಜನರ ಮುಂದೆ ಆಡಿದ ಮಾತು ಸುಳ್ಳಾಗಬಾರದು ಅಂತ ತಿರಕವ್ವ ತಾನೇ ಹೊದಿಸಿದ್ದಳಂತೆ. ಈರಭದ್ರಪ್ಪನ ತೀರಿಹೋದ ಅಪ್ಪನ ರುಮಾಲು ಎತ್ತಿನ ಬೆನ್ನ ಮೇಲಿತ್ತು. ತೆಗೆಯೋಣವೆಂದರೆ ನಿನ್ನೆಯ ಮಾತು ಅಡ್ಡ ಬಂತು. ಈರಭದ್ರಪ್ಪ ಸುಮ್ಮನೆ ಬಂಡಿ ಹೊಡೆದ. ಎತ್ತು ನಡೆದಷ್ಟೂ ಬೀಗರ ಊರು ದೂರ ದೂರ ಸರಿಯುತ್ತಿತ್ತಂತೆ, ಕೆಂಪು ರುಮಾಲು ಮಾತ್ರ ಕಣ್ಣ ಮುಂದೆಯೇ ಇತ್ತಂತೆ.

ಕಡೆಗೂ ಮುಟ್ಟಿದರು. ಮದುಮಗನ ಅಜ್ಜಿ ಆರತಿ ಹಿಡಿದು ಬಂದಳು. ಅವಳೂ ಕೌದಿ ಹೊಲಿದ ಕೈಯೇ. ಎತ್ತಿನ ಬೆನ್ನು ಸವರುತ್ತಾ ಕೌದಿಯ ಕೊನೆಯ ಮೂಲೆಗೆ ಬಂದು, ಒಳಗಿನ ರೊಟ್ಟಿ ಚೂರು ತಾಗುತ್ತಲೇ ಕೈ ನಿಲ್ಲಿಸಿದಳು.

"ಇದು ಉಂಡ ಕೌದಿ ಐತಲ್ಲ! ಎತ್ತಿನ ಮ್ಯಾಲ ಹಾಕಿದವರ‍್ಯಾರು?" ಅಂತ ಕೇಳಿದಳಂತೆ.

ಹಿಂದಿನ ದಿನ ನಕ್ಕಿದ್ದವನು ನೆಲ ನೋಡಿದ. ನಮ್ಮವ್ವ ಹೊಲಿದದ್ದು ಅಂತ ಈರಭದ್ರಪ್ಪ ಅಲ್ಲಾದರೂ ಅನ್ನಬಹುದಿತ್ತು. ಅನ್ನಲಿಲ್ಲ. ಸಾತವ್ವನೇ ಬಂಡಿ ಇಳಿದು, ಕೌದಿ ತೆಗೆದು ಹೆಗಲಿಗೆ ಹಾಕಿಕೊಂಡು ಹೊಸ್ತಿಲು ದಾಟಿದಳಂತೆ.

ಅವ್ವನ ಕಾಲು ಹಿಡಿಯಬೇಕು ಅಂತಲೇ ಈರಭದ್ರಪ್ಪ ಮನೆಗೆ ಬಂದ. ತಿರಕವ್ವ ತಾಟು ಇಟ್ಟು ರೊಟ್ಟಿ ಬಡಿಸಿದಳು. ಹುಡುಗಿ ಅತ್ತಳೇನು ಅಂತ ಕೇಳಿದಳು. ಅವನು ತಲೆ ಬಗ್ಗಿಸಿ ಉಂಡ. ನಾಳೆ ಹೇಳಿದರಾಯಿತು ಅಂದುಕೊಂಡ. ನಾಳೆ ನಾಳೆ ಅನ್ನುವಷ್ಟರಲ್ಲಿ ತಿರಕವ್ವ ತೀರಿಹೋದಳಂತೆ. ಆ ನಾಚಿಕೆ ಅವನ ಜೊತೆ ಮಣ್ಣಾಗಲಿಲ್ಲ, ನಮ್ಮ ಪಾಲಿಗೆ ಬಂತು.

ಬಂಡಿ ಹೋಗಿ ಟ್ರ್ಯಾಕ್ಟರು ಬಂತು, ಕಾರೂ ಬಂತು. ಆದರೂ ಇವತ್ತಿಗೂ ನಮ್ಮೂರಲ್ಲಿ ಮಗಳನ್ನು ಕಳಿಸುವಾಗ ಅಪ್ಪನಾದವನು ತಲೆಯ ರುಮಾಲು ತೆಗೆದಿಟ್ಟು, ಕೌದಿಯನ್ನು ತಾನೇ ಹೆಗಲ ಮೇಲೆ ಹೊತ್ತು ಅಂಗಳಕ್ಕೆ ಬರುತ್ತಾನೆ. ಅದನ್ನು ಹೊಲಿದವಳ ಹೆಸರು ಹೇಳುತ್ತಾನೆ. ಬಾಯೊಳಗೇ ಗೊಣಗಿದರೆ ನಾವು ಮುದುಕಿಯರು ಬಿಡುವುದಿಲ್ಲ. ಬೀಗರಿಗೆ ಕೇಳುವ ಹಾಗೆ ಹೇಳಬೇಕು.