ಸೊಪ್ಪು ಹೊದಿಸಿದ ದಾರಿ

ಒಂದು ಕಾಡಿನಲ್ಲಿ ಹಳ್ಳ ದಾಟುವ ಸೇತುವೆ ಮಳೆಗೆ ಕೊಚ್ಚಿಹೋಯಿತು. ಹೊಸ ಸೇತುವೆ ಆಗುವವರೆಗೆ ತಾತ್ಕಾಲಿಕ ದಾರಿಯೊಂದನ್ನು ಮಾಡಿಸು ಎಂದು ಸಿಂಹರಾಜ ನರಿರಾಯನಿಗೆ ಅಪ್ಪಣೆ ಕೊಟ್ಟ. ನರಿರಾಯ ಒಂದು ಕಲ್ಲನ್ನೂ ಹಾಕಿಸಲಿಲ್ಲ. ಹಳ್ಳಕ್ಕೆ ಅಡ್ಡಲಾಗಿ ಜೊಂಡುಹುಲ್ಲು ಒಟ್ಟಿಸಿ, ಮೇಲೆ ಮಣ್ಣು ಸುರಿಸಿದ. ಸ್ವಲ್ಪ ಕೆಳಗೆ, ಬಂಡೆಗಳ ಮೇಲೆ ಕಾಲಿಟ್ಟು ದಾಟುವ ಹಳೆಯ ಜಾಗವಿತ್ತು. ಅಲ್ಲಿಗೆ ಮುಳ್ಳು ಹಾಕಿಸಿ ಮುಚ್ಚಿಸಿದ. ಎಲ್ಲರೂ ತನ್ನ ದಾರಿಗೇ ಬರಬೇಕು, ಬೇಗ ಬಿಡಿ ಎಂದು ತನ್ನ ಮುಂದೆ ಹಣ್ಣು, ಜೇನು, ಮೀನು ಇಟ್ಟು ಬೇಡಿಕೊಳ್ಳಬೇಕು. ಅವನ ಆಸೆ ಅಷ್ಟೇ.

ಸಿಂಹರಾಜ ಗುಹೆ ಬಿಟ್ಟು ಬರಲಿಲ್ಲ. "ದಾರಿ ಚೆನ್ನಾಗಿದೆ ಪ್ರಭು" ಎಂದು ನರಿರಾಯ ಹೇಳಿ ಕಳಿಸಿದ್ದನ್ನೇ ನಂಬಿದ.

ಒಂದು ದಿನ ಬೆಳಿಗ್ಗೆ ಕೆಂಪಿ ಎಂಬ ತಾಯಿ ಕಡವೆಯ ಮರಿ ಯಾವುದೋ ವಿಷದ ಕಾಯಿ ತಿಂದಿತು. ಅದರ ಹೊಟ್ಟೆ ಉಬ್ಬಿತು, ಬಾಯಲ್ಲಿ ನೊರೆ ಬಂತು. ಮದ್ದು ಗೊತ್ತಿದ್ದದ್ದು ಆಚೆ ದಡದ ಕರಡಿ ಅಜ್ಜನಿಗೆ ಮಾತ್ರ. ಕೆಂಪಿ ತಡಮಾಡಲಿಲ್ಲ. ಮರಿಯನ್ನು ಮೂತಿಯಿಂದ ನೂಕುತ್ತಾ, ಎಬ್ಬಿಸುತ್ತಾ ಹಳ್ಳಕ್ಕೆ ಬಂದಳು.

ಬಂದು ನೋಡಿದರೆ ದಡದಲ್ಲಿ ಕಾಲಿಡಲು ಜಾಗವಿಲ್ಲ! ಹಂದಿಗಳು, ಕಾಡುಕೋಣಗಳು, ಮೊಲಗಳು, ಹಿಂದುಗಡೆ ಒಂದು ಆನೆ. ಆಚೆ ದಡದಲ್ಲೂ ಅಷ್ಟೇ ನೂಕುನುಗ್ಗಲು.

"ಏನಾಯ್ತಣ್ಣ?" ಎಂದು ಕೆಂಪಿ ಹಂದಿಯನ್ನು ಕೇಳಿದಳು.

"ದಾರಿ ಮತ್ತೆ ಕುಸಿದಿದೆ ತಂಗಿ. ನನ್ನ ತಮ್ಮ ಹೊಟ್ಟೆಯವರೆಗೆ ಹೂತುಹೋಗಿದ್ದ. ಈಗಷ್ಟೇ ಎಳೆದು ತೆಗೆದೆವು. ಆ ಗುಂಡಿಯ ಮೇಲೆ ಸೊಪ್ಪು ಹೊದಿಸಿ, ದುರಸ್ತಿ ಅಂತ ನಿಲ್ಲಿಸಿದ್ದಾರೆ."

ಕೆಂಪಿ ಸಂದಿಯಲ್ಲಿ ನುಗ್ಗಿ ನರಿರಾಯನ ಮುಂದೆ ನಿಂತಳು. "ಸ್ವಾಮಿ, ಮರಿ ಸಾಯ್ತಾ ಇದೆ. ಕೆಳಗಿನ ಮುಳ್ಳನ್ನಾದರೂ ತೆಗೆಸಿ. ಬಂಡೆ ಮೇಲೆ ದಾಟಿ ಹೋಗ್ತೀನಿ."

"ಅದು ಮುಚ್ಚಿದ ದಾರಿ ಕಣಮ್ಮ. ಬಿದ್ದರೆ ಯಾರು ಹೊಣೆ?" ನರಿರಾಯ ಮೀನಿನ ಮುಳ್ಳು ಉಗುಳಿದ. "ಸಾಲಲ್ಲಿ ನಿಲ್ಲು. ಅವಸರ ಎಲ್ಲರಿಗೂ ಇದೆ."

ಮೇಲಿನ ಗುಡ್ಡದಲ್ಲಿ ಮೋಡ ಕಪ್ಪಾಯಿತು. ಹಳ್ಳದ ನೀರು ಕೆಂಪಾಗಿ ಏರತೊಡಗಿತು. ಮರಿ ಕಾಲು ಮಡಚಿ ಮಲಗಿಬಿಟ್ಟಿತು. ಕೆಂಪಿ ಅದರ ಕಿವಿ ನೆಕ್ಕಿದಳು. ಕಿವಿ ತಣ್ಣಗಿತ್ತು.

ಅಷ್ಟರಲ್ಲಿ ಗುಂಪು ಇಬ್ಭಾಗವಾಯಿತು. ಸಿಂಹರಾಜನೇ ಕೊನೆಗೂ ಗುಹೆ ಬಿಟ್ಟು ದಾರಿ ನೋಡಲು ಬಂದಿದ್ದ!

ನರಿರಾಯ ಓಡಿಹೋಗಿ ಕೈಮುಗಿದ. "ಬನ್ನಿ ಪ್ರಭು! ನಿಮ್ಮನ್ನು ಸ್ವಾಗತಿಸಲು ಎಷ್ಟು ಪ್ರಜೆಗಳು ಸೇರಿದ್ದಾರೆ ನೋಡಿ. ಎರಡೂ ದಡದಲ್ಲಿ!"

ಸಿಂಹರಾಜ ಹಿಗ್ಗಿದ. ನರಿರಾಯ ಒಬ್ಬೊಬ್ಬರನ್ನೇ ದುರುಗುಟ್ಟಿ ನೋಡುತ್ತಿದ್ದ. ನಾಳೆಯೂ ಇವನ ಮುಂದೆಯೇ ನಿಲ್ಲಬೇಕಲ್ಲ ಎಂಬ ಭಯ ಎಲ್ಲರಿಗೂ. ಆ ಭಯ ಕೆಂಪಿಗೂ ಇತ್ತು. ಆದರೆ ಕಾಲ ಬಳಿ ಮಲಗಿದ್ದ ಮರಿಯ ಉಸಿರು ಅವಳಿಗೆ ಕೇಳಿಸುತ್ತಿತ್ತು.

"ಪ್ರಭು, ನಾವು ಸ್ವಾಗತಕ್ಕೆ ಬಂದವರಲ್ಲ" ಎಂದಳು. "ದಾರಿ ಇಲ್ಲದೆ ಸಿಕ್ಕಿಬಿದ್ದವರು. ನನ್ನ ಮರಿಗೆ ವಿಷ ಏರ್ತಾ ಇದೆ."

"ಸುಳ್ಳು ಪ್ರಭು! ದಾರಿ ಬಂಡೆಯಷ್ಟು ಗಟ್ಟಿಯಾಗಿದೆ" ಎಂದ ನರಿರಾಯ.

"ಹಾಗಾದರೆ ನೀನು ಮುಂದೆ ನಡೆ. ಈ ತಾಯಿ ಮರಿಯೊಂದಿಗೆ ನಿನ್ನ ಹಿಂದೆ ಬರಲಿ" ಎಂದ ಸಿಂಹರಾಜ.

ನರಿರಾಯ ಒಳಗೊಳಗೇ ನಕ್ಕ. ತನ್ನ ಮೈಭಾರಕ್ಕೆ ದಾರಿ ಕುಸಿಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಗುಂಡಿಯ ಅಂಚಿನಲ್ಲಿ ಹಗುರವಾಗಿ ಹೆಜ್ಜೆಯಿಟ್ಟು ನಡುವಿಗೆ ಹೋಗಿ ನಿಂತ. ಕೆಂಪಿ ಮುಂಗಾಲು ಇಟ್ಟಳು. ಮಣ್ಣು ಗಡಗಡ ನಡುಗಿತು. ತಕ್ಷಣ ಕಾಲು ಹಿಂದೆಗೆದುಕೊಂಡಳು.

"ಇಲ್ಲ ಪ್ರಭು, ಇದರ ಮೇಲೆ ನಾನು ಹೋಗಲ್ಲ."

"ಹೆದರುಪುಕ್ಕಲಿ!" ನರಿರಾಯ ಕೂಗಿದ. "ನೋಡಿ ಪ್ರಭು, ಎಷ್ಟು ಗಟ್ಟಿ ಅಂತ ನೀವೇ ನೋಡಿ!" ಎನ್ನುತ್ತಾ ಜಿಗಿದು ತೋರಿಸಿದ. ಇನ್ನೊಮ್ಮೆ, ಇನ್ನೂ ಎತ್ತರಕ್ಕೆ ಜಿಗಿದ. ದೊಪ್ಪೆಂದು ಮಣ್ಣು ಒಡೆಯಿತು. ಕೆಳಗಿನ ಜೊಂಡನ್ನು ನೀರು ಎಂದೋ ತಿಂದುಹಾಕಿತ್ತು. ದಾರಿಯೆಲ್ಲ ಕರಗಿ, ನರಿರಾಯ ಕೆಸರಿನಲ್ಲಿ ಕುತ್ತಿಗೆಯವರೆಗೆ ಹೂತುಹೋದ.

"ಕಾಪಾಡಿ! ಯಾರಾದರೂ ಕಾಪಾಡಿ!"

ಎಲ್ಲರೂ ಅತ್ತ ನೋಡುತ್ತಿದ್ದರೆ, ಕೆಂಪಿ ಆನೆಯ ಕಡೆ ತಿರುಗಿದಳು. "ಅಣ್ಣಾ, ಬಂಡೆಗಳು ಇನ್ನೂ ಮುಳುಗಿಲ್ಲ. ಬೇಗ!"

ಆನೆ ಸೊಂಡಿಲಿನಿಂದ ಮುಳ್ಳನ್ನು ಕಿತ್ತೆಸೆಯಿತು. ಮರಿಯನ್ನು ಎತ್ತಿಕೊಂಡು ನೀರಿಗಿಳಿಯಿತು. ಕೆಂಪಿ ಹಿಂದೆಯೇ ಬಂಡೆಯಿಂದ ಬಂಡೆಗೆ ಹಾರಿದಳು. ಒಂದು ಕಡೆ ಗೊರಸು ಜಾರಿತು. ಹೇಗೋ ಸಾವರಿಸಿಕೊಂಡು ದಡ ಹತ್ತಿದಳು.

ಆನೆ ಆಮೇಲೆ ಹಿಂತಿರುಗಿ ನರಿರಾಯನ ಬಾಲ ಹಿಡಿದು ಹೊರಗೆಳೆಯಿತು. ಸಿಂಹರಾಜ ಅವನ ಅಧಿಕಾರ ಕಿತ್ತುಕೊಂಡ. "ಹೊಸ ಸೇತುವೆ ಮುಗಿಯುವವರೆಗೆ ನೀನೇ ಕಲ್ಲು ಹೊರಬೇಕು" ಎಂದ. ಬಳಿಕ ಪ್ರಜೆಗಳ ಮುಂದೆ ತಲೆ ತಗ್ಗಿಸಿದ. "ಮಳೆ ನಿಂತ ದಿನವೇ ನಾನು ಇಲ್ಲಿಗೆ ಬರಬೇಕಿತ್ತು." ಆ ಮಾತಿಗೆ ಯಾರೂ ಜೈಕಾರ ಹಾಕಲಿಲ್ಲ.

ಕರಡಿ ಅಜ್ಜ ಬೇರು ಅರೆದು ಮರಿಯ ಬಾಯಿಗೆ ಹಿಂಡಿದ. ಹೊತ್ತು ಇಳಿಯುವವರೆಗೆ ಕೆಂಪಿ ಕದಲದೆ ನಿಂತಿದ್ದಳು. ಕೊನೆಗೆ ಮರಿ ಕಣ್ಣು ಬಿಟ್ಟಿತು. ತೂರಾಡುತ್ತಾ ಎದ್ದು, ಅಮ್ಮನ ಕೆಚ್ಚಲಿಗೆ ಮೂತಿಯಿಂದ ಗುದ್ದಿತು.

ನೀತಿ: ಹುಳುಕನ್ನು ಮುಚ್ಚಿಟ್ಟು ಎಲ್ಲವೂ ಸರಿಯಿದೆ ಎನ್ನುವವನು ತಾನೇ ಅದರಲ್ಲಿ ಬೀಳುತ್ತಾನೆ. ಆಳುವವನು ಬೇರೆಯವರು ಹೇಳಿದ್ದನ್ನು ಕೇಳಿದರೆ ಸಾಲದು, ಹೋಗಿ ಕಣ್ಣಾರೆ ನೋಡಬೇಕು.