ಉಸ್ತಾದನ ಬೆನ್ನಿನ ಮಣ್ಣು

"ಗುರುಗಳೇ, ಬರುವ ಹುಣ್ಣಿಮೆಯ ಸಭೆಯಲ್ಲಿ ನಾನು ಯಾರ ಎದುರು ವಾದಕ್ಕೆ ಕೂರಲಿ?" ಎಂದು ಶಿಷ್ಯ ಕೇಳಿದ.

ಗುರುಗಳು ಓದುತ್ತಿದ್ದ ಓಲೆಗರಿಯನ್ನು ಕೆಳಗಿಟ್ಟರು. ಶಿಷ್ಯನೇ ಮುಂದುವರಿಸಿದ.

"ಮೂವರು ಬರುತ್ತಾರಂತೆ. ಇಬ್ಬರು ಸಾಧಾರಣದವರು. ಮೂರನೆಯವರು ಬೆಟ್ಟದ ಮೇಲಿನ ಮಠದ ಪಂಡಿತರು. ಅವರ ಎದುರು ಸೋತವನು ಮತ್ತೆ ಯಾವ ಸಭೆಯಲ್ಲೂ ಬಾಯಿ ತೆರೆಯುವಂತಿಲ್ಲ. ಅದು ಅವರ ಪಣ. ನಾನು ಅವರನ್ನೇ ಎದುರಿಸಬೇಕೆಂದಿದ್ದೇನೆ. ಈ ಮಳೆಗಾಲದಲ್ಲಿ ಮೂರು ಸಲ ನಿಮ್ಮನ್ನೇ ನಿರುತ್ತರ ಮಾಡಿದ್ದೇನಲ್ಲ."

"ಮಾಡಿದ್ದೀಯೆ. ಕೂತುಕೋ," ಎಂದರು ಗುರುಗಳು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಉಸ್ತಾದನಿದ್ದ. ಗರಡಿಯಲ್ಲಿ ಕುಸ್ತಿ ಕಲಿಸುತ್ತಿದ್ದ. ತನ್ನ ಕಾಲದಲ್ಲಿ ಅವನ ಬೆನ್ನಿಗೆ ಮಣ್ಣು ಹತ್ತಿಸಿದವರು ಯಾರೂ ಇರಲಿಲ್ಲ. ಅವನ ಬಳಿಗೆ ಒಬ್ಬ ಜಟ್ಟಿ ಬಂದ. ಗರಡಿಯ ಬಾಗಿಲಲ್ಲಿ ಓರೆಯಾಗಿ ನುಗ್ಗಬೇಕಾದಂಥ ಮೈ. ಆದರೆ ಕಾಲು ಭಾರ, ಪಟ್ಟು ಒರಟು. ಉಸ್ತಾದ ಅವನನ್ನು ಮೇಲಿಂದ ಕೆಳಗೆ ನೋಡಿ, "ಸೌದೆ ಬೇಕಾದಷ್ಟಿದೆ, ಬೆಂಕಿ ಇಲ್ಲ," ಎಂದ. ಆದರೂ ಇಟ್ಟುಕೊಂಡ.

ಆ ಗರಡಿಯಲ್ಲಿ ಒಂದು ನಿಯಮವಿತ್ತು. ದೊಡ್ಡ ಕುಸ್ತಿಗೆ ತಯಾರಾಗುವವನು ಉಸ್ತಾದನ ಜೊತೆ ಮಾತ್ರ ಹಿಡಿಯಬೇಕು. ಬೇರೆಯವರ ಜೊತೆ ಹಿಡಿದರೆ ಕೈ ಕೆಡುತ್ತದೆ ಎಂಬ ನಂಬಿಕೆ. ಉಸ್ತಾದನೂ ಅಷ್ಟು ದಿನ ಬೇರೆ ಯಾರ ಮೇಲೂ ಕೈ ಹಾಕುತ್ತಿರಲಿಲ್ಲ. ಇಬ್ಬರೂ ಮಟ್ಟಿಯ ಮಣ್ಣಿನ ಕಣಕ್ಕೆ ಇಳಿದರೆ ಉಳಿದವರು ಸುತ್ತ ನಿಂತು ಬಸ್ಕಿ ಹೊಡೆಯುತ್ತ ಗಟ್ಟಿಯಾಗಿ ಎಣಿಸುತ್ತಿದ್ದರು. ಒಬ್ಬನ ಬೆನ್ನು ಮಣ್ಣಿಗೆ ತಾಗಿದ ಕೂಡಲೇ ಎಣಿಕೆ ನಿಲ್ಲುತ್ತಿತ್ತು. ಗರಡಿಗೆ ಅದೇ ಗಡಿಯಾರ.

ಮೊದಲ ವರ್ಷ ಮಣ್ಣು ಹತ್ತಿದ್ದೆಲ್ಲ ಜಟ್ಟಿಯ ಬೆನ್ನಿಗೆ. ಎರಡನೆಯ ವರ್ಷ ಒಂದು ಬೆಳಿಗ್ಗೆ, ಎಣಿಕೆ ಇನ್ನೂರು ದಾಟಿದ ಮೇಲೆ, ಉಸ್ತಾದ ಅಂಗಾತ ಬಿದ್ದ. ಎಣಿಕೆ ನಿಂತಿತು. ಜಟ್ಟಿ ಗಾಬರಿಯಾಗಿ ಕಾಲು ಮುಟ್ಟಲು ಬಾಗಿದ. ಉಸ್ತಾದ ಬಿದ್ದಲ್ಲಿಂದಲೇ ನಕ್ಕ. "ಹತ್ತಿಕೊಂಡಿತು ನೋಡ್ರೋ ಸೌದೆ!" ಎಂದ. ಅಂದು ಎಲ್ಲರಿಗೂ ಬಾದಾಮಿ ಹಾಲು.

ಇನ್ನೂರು ನೂರಕ್ಕೆ ಇಳಿಯಿತು. ನೂರು ಐವತ್ತಾಯಿತು. ನಾಲ್ಕನೆಯ ವರ್ಷ ಇಪ್ಪತ್ತು ಬಸ್ಕಿ ಮುಗಿಯುವುದರೊಳಗೆ ಉಸ್ತಾದ ನೆಲದಲ್ಲಿರುತ್ತಿದ್ದ.

ಅವನ ಮೈಯೆಲ್ಲ ನೋಯುತ್ತಿತ್ತು. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಿದ್ದ. ಊಟಕ್ಕೆ ಕೂತರೆ ಏಳಲು ಹೊತ್ತಾಗುತ್ತಿತ್ತು. ನೋವು ಹೆಚ್ಚಿದಷ್ಟೂ ಅವನಿಗೆ ಸಂತೋಷ.

"ನೀರಿನ ಚೊಂಬು ಎರಡು ಸಲ ಕೈಜಾರಿತು. ವೈದ್ಯರಿಗೆ ತೋರಿಸಬಾರದೇ?" ಎಂದಳು ಹೆಂಡತಿ.

"ತೋರಿಸುವುದೇನು? ಹುಡುಗ ಬಲಿತಿದ್ದಾನೆ. ಅವನ ಹಿಡಿತ ಹಾಗಿದೆ."

"ಚೊಂಬನ್ನೂ ಅವನೇ ಹಿಡಿದಿದ್ದನೋ?"

ಉಸ್ತಾದ ಗೋಡೆ ಹಿಡಿದು ಎದ್ದು ಗರಡಿಗೆ ಹೊರಟ.

ಜೋಡಿ ಕಟ್ಟುವ ದಿನ ಬಂತು. ಯಾರಿಗೆ ಯಾರು ಎದುರಾಳಿ ಎಂದು ಹಿರಿಯರು ಕೂತು ಗೊತ್ತುಮಾಡುವ ದಿನ. ಜಟ್ಟಿಯ ಮೈಗೆ ಸರಿಹೋಗುವವರು ಮೂವರಿದ್ದರು. ಗಾಣಿಗರ ಬೀದಿಯವನು ದಪ್ಪ, ಬೇಗ ಏದುಸಿರು ಬಿಡುತ್ತಿದ್ದ. ಹೊಳೆಯಾಚೆಯವನು ಸೋಲುಗೆಲುವು ಎರಡನ್ನೂ ಕಂಡವನು. ಕೋಟೆಯವನು ಗೆದ್ದರೆ ಸಾಲದೆಂದು ಮೂಳೆ ಮುರಿಯುತ್ತಿದ್ದ. ಆ ವರ್ಷ ಅವನಿಗೆ ಜೋಡಿ ಕೊಡಲು ಯಾವ ಗರಡಿಯೂ ಮುಂದೆ ಬಂದಿರಲಿಲ್ಲ.

"ಮೊದಲು ಗಾಣಿಗರ ಬೀದಿಯ ಕೋಣವನ್ನು ಕೊಡೋಣ, ಉಸ್ತಾದ್," ಎಂದ ಒಬ್ಬ ಹಿರಿಯ. "ಹೊರಗಿನ ಮೈ ಹೇಗಿರುತ್ತದೆ ಅಂತ ಹುಡುಗನಿಗೆ ತಿಳಿಯಲಿ."

"ಕೋಣದ ಜೊತೆ ಕಟ್ಟುವುದಕ್ಕೆ ನಾನು ಎತ್ತು ಸಾಕಿಲ್ಲ," ಎಂದ ಉಸ್ತಾದ. "ಇಪ್ಪತ್ತು ಬಸ್ಕಿಯೊಳಗೆ ನನ್ನನ್ನು ಕೆಡವುತ್ತಾನೆ. ನನ್ನನ್ನು! ಕೋಟೆಯವನನ್ನೇ ಬರೆಯಿರಿ."

ಆ ಹಿರಿಯನು ಉಸ್ತಾದನ ತೋಳುಗಳನ್ನು ನೋಡಿದ. ಒಂದು ಕಾಲಕ್ಕೆ ಅವನೇ ಆ ತೋಳುಗಳಿಗೆ ಸಿಕ್ಕಿ ಸೋತಿದ್ದ. ಏನೋ ಹೇಳಲು ಬಾಯಿ ತೆರೆದ. ಆ ಮಾತನ್ನು ಅಂಥವನಿಗೆ ಹೇಗೆ ಹೇಳುವುದೆಂದು ತಿಳಿಯದೆ ಬಾಯಿ ಮುಚ್ಚಿದ. ಕೋಟೆಯವನ ಹೆಸರು ಬರೆದ.

ಕುಸ್ತಿಯ ದಿನ ಉಸ್ತಾದ ತನ್ನ ಕೈಯಿಂದಲೇ ಜಟ್ಟಿಯ ಬೆನ್ನಿಗೆ ಮಣ್ಣು ಸವರಿದ. "ಇದು ನಾನು ಹಚ್ಚಿದ ಮಣ್ಣು. ಇನ್ನೊಬ್ಬ ಹಚ್ಚಬಾರದು," ಎಂದ.

ಜಟ್ಟಿ ತೊಡೆ ತಟ್ಟಿ ಇಳಿದ. ಕೋಟೆಯವನ ಕುತ್ತಿಗೆಗೆ ಕೈ ಹಾಕಿ ಎಳೆದ. ದಿನವೂ ಉಸ್ತಾದನನ್ನು ಬೀಳಿಸುತ್ತಿದ್ದ ಪಟ್ಟು ಅದು. ಪಟ್ಟಿನಲ್ಲಿ ತಪ್ಪಿರಲಿಲ್ಲ. ಕೋಟೆಯವನು ಅಲುಗಲಿಲ್ಲ. ಜಟ್ಟಿ ಇನ್ನೊಮ್ಮೆ ಎಳೆದ. ಆಮೇಲೆ ತಲೆ ತಿರುಗಿಸಿ ಉಸ್ತಾದನತ್ತ ನೋಡಿದ. ಆ ಮುಖದಲ್ಲಿ ಹೆದರಿಕೆ ಇರಲಿಲ್ಲ. ದಿನವೂ ತಳ್ಳಿ ತೆರೆಯುತ್ತಿದ್ದ ಬಾಗಿಲು ಅಂದು ಗೋಡೆಯಾಗಿದ್ದರೆ ಮನುಷ್ಯ ಹಾಗೆ ನೋಡುತ್ತಾನೆ.

ತಲೆ ತಿರುಗಿಸಿದ್ದೇ ಸಾಕಾಯಿತು. ಕೋಟೆಯವನು ಅವನನ್ನು ಎತ್ತಿ ಒಗೆದ. ಭುಜ ಮುರಿದ ಸದ್ದು ಕಡೆಯ ಸಾಲಿನವರಿಗೂ ಕೇಳಿಸಿತು.

ಜಟ್ಟಿ ಬದುಕಿದ. ಬಲಗೈ ಮಾತ್ರ ಮತ್ತೆ ಮೇಲೇಳಲಿಲ್ಲ. ತುತ್ತನ್ನು ಹೆಂಡತಿಯೇ ಬಾಯಿಗಿಡಬೇಕಾಯಿತು. ನೋಡಲು ಬಂದ ಉಸ್ತಾದನನ್ನು ಅವನು ಒಂದೇ ಮಾತು ಕೇಳಿದ.

"ಉಸ್ತಾದ್, ನೀವು ಬೇಕೆಂದೇ ಬೀಳುತ್ತಿದ್ದಿರಾ?"

"ಇಲ್ಲ ಮಗನೇ. ನಿನ್ನಾಣೆಗೂ ಇಲ್ಲ. ಒಂದು ದಿನವೂ ಇಲ್ಲ."

ಅದು ನಿಜವಾಗಿತ್ತು. ಉಸ್ತಾದ ಅಲ್ಲಿಂದ ನೇರವಾಗಿ ಗರಡಿಗೆ ಬಂದ. ಮೂಲೆಯಲ್ಲಿ ಅವನ ಹಳೆಯ ಗದೆ ನಿಂತಿತ್ತು. ಹಿಂದೆ ಒಂದೇ ಕೈಯಲ್ಲಿ ತಿರುಗಿಸುತ್ತಿದ್ದ ಗದೆ. ಜಟ್ಟಿ ಬಂದಾಗಿನಿಂದ ಅದನ್ನು ಮುಟ್ಟಿರಲಿಲ್ಲ; ಹೊತ್ತೆಲ್ಲ ಅವನಿಗೇ ಹೋಗುತ್ತಿತ್ತು. ಈಗ ಎರಡೂ ಕೈ ಹಾಕಿ ಎತ್ತಿದ. ಮೊಣಕಾಲಿನವರೆಗೆ ಬಂತು. ಅಲ್ಲಿಂದ ಮೇಲೆ ಬರಲಿಲ್ಲ.

ಜಟ್ಟಿ ಏರುತ್ತಿದ್ದಾನೆ ಎಂದು ಇಡೀ ಗರಡಿ ಎಣಿಸಿದ್ದು, ಉಸ್ತಾದ ಇಳಿಯುತ್ತಿದ್ದುದನ್ನು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವನು ಅವನೇ.

ಗುರುಗಳು ಕತೆ ನಿಲ್ಲಿಸಿದರು.

"ತಪ್ಪು ಉಸ್ತಾದನದು. ತನ್ನ ಮೈ ತನಗೆ ತಿಳಿಯಬೇಡವೇ?" ಎಂದ ಶಿಷ್ಯ. "ಆದರೆ ಗುರುಗಳೇ, ಅದು ಮೈಬಲದ ಮಾತು. ಇದು ವಿದ್ಯೆ. ವಿದ್ಯೆಗೆ ಮುಪ್ಪಿಲ್ಲ. ಆ ಮೂರು ಸಲವೂ ನನ್ನ ಪ್ರಶ್ನೆಗೆ ನಿಮ್ಮಲ್ಲಿ ಉತ್ತರ ಇರಲಿಲ್ಲ. ಅದಕ್ಕೇನು ಹೇಳುತ್ತೀರಿ?"

ಗುರುಗಳು ಹೇಳಿದರು: "ಉತ್ತರ ಇತ್ತು ಮಗು, ಮೂರು ಸಲವೂ ನೆನಪಿಗೆ ಬರಲಿಲ್ಲ."